ಸಹಾಯ ಬೇಕು: ಸ್ಕಾಚ್‌ನಿಂದ ಬಂದವನಿಗೆ ಸ್ಟ್ರಾಂಗ್ ಬರ್ಬನ್ ಹೋಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಬರೀ ಸ್ಕಾಚ್, ಅದೂ 43, 46 ಪರ್ಸೆಂಟಿನವು. ಈಗ ಬರ್ಬನ್ (ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡೋ ಅಮೆರಿಕದ ವಿಸ್ಕಿ) ಹುಚ್ಚು ಹತ್ತಿದೆ. ವೈಲ್ಡ್ ಟರ್ಕಿ 101 (101 ಪ್ರೂಫ್; ಅದರ ಅರ್ಧ, ಅಂದ್ರೆ 50.5% ಆಲ್ಕೋಹಾಲ್), 100 ಪ್ರೂಫಿನ ನಾಬ್ ಕ್ರೀಕ್, ಜೊತೆಗೆ 63% ಇರೋ ಒಂದು ಬ್ಯಾರಲ್ ಪ್ರೂಫ್ (ಪೀಪಾಯಿಯಿಂದ ತೆಗೆದ ಮೇಲೆ ನೀರು ಬೆರೆಸದೆ ಬಾಟಲಿಗೆ ತುಂಬಿದ್ದು). ಮೂರನ್ನೂ ಪಕ್ಕಪಕ್ಕ ಇಟ್ಕೊಂಡು ಕೂತಿದ್ದೀನಿ.

ಮೊದಲೆರಡರಲ್ಲಿ ವೆನಿಲಾ, ಕ್ಯಾರಮೆಲ್ ಚೆನ್ನಾಗೇ ಸಿಗುತ್ತೆ. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯ ಕೆಲಸ ಅದು. ಸ್ಕಾಚಿಗೆ ಹೆಚ್ಚಾಗಿ ಬಳಸೋದು ಬರ್ಬನ್ ಖಾಲಿ ಮಾಡಿ ಬಿಟ್ಟ ಹಳೇ ಪೀಪಾಯಿ, ಹಾಗಾಗಿ ಈ ಸಿಹಿಯ ಅಬ್ಬರ ನನಗೆ ಹೊಸದು. ಮೂರನೆಯದಕ್ಕೆ ಬಂದ್ರೆ ಮಾತ್ರ ಮೂಗು ಉರಿ, ನಾಲಿಗೆ ಮರಗಟ್ಟುತ್ತೆ, ಅಷ್ಟೇ.

ಕಡಿಮೆ ಪ್ರೂಫಿನಿಂದ ಶುರು ಮಾಡಿದೆ. ಗ್ಲಾಸಿಗೆ ಹಾಕಿ 15 ನಿಮಿಷ ಬಿಟ್ಟೆ. ಬಾಯಿ ಸ್ವಲ್ಪ ತೆರೆದು ಮೂಸಿ ನೋಡಿದೆ. ಊಹೂಂ. ಕೊನೆಗೆ 30 ಎಂಎಲ್‌ಗೆ 8 ಎಂಎಲ್ ನೀರು ಹಾಕಿ ಸುಮಾರು 50 ಪರ್ಸೆಂಟಿಗೆ ಇಳಿಸಿದೆ (ಇಂಜೆಕ್ಷನ್ ಸಿರಿಂಜಲ್ಲಿ ಅಳೆದಿದ್ದು, ಮನೆಯವರು ನಕ್ಕಿದ್ದೇ ನಕ್ಕಿದ್ದು). ಉರಿ ಇಳಿದು ಸುಟ್ಟ ಸಕ್ಕರೆ, ಕಡಲೆಕಾಯಿ ಬೀಜದ ಥರ ಏನೋ ಎದ್ದು ಬಂತು. ಆದ್ರೆ ತುದಿಯಲ್ಲಿ ಒಂದು ಖಾರ ಹಾಗೇ ಉಳಿದಿದೆ. ಅದು ಧಾನ್ಯದ ಮಿಶ್ರಣದಲ್ಲಿರೋ ರೈನದ್ದೋ (ಗೋಧಿ ಥರದ ಒಂದು ಧಾನ್ಯ), ಆಲ್ಕೋಹಾಲಿನದ್ದೋ ಗೊತ್ತಾಗ್ತಿಲ್ಲ.

ಅನುಭವ ಇರೋರು ಹೇಳಿ: ಹೋಲಿಸುವಾಗ ಮೂರನ್ನೂ 50 ಪರ್ಸೆಂಟಿಗೆ ತಂದೇ ಕುಡೀಬೇಕಾ, ಬಾಟಲಿಯಲ್ಲಿದ್ದ ಹಾಗೇನಾ? ರೈ ಖಾರನ ಆಲ್ಕೋಹಾಲ್ ಉರಿಯಿಂದ ನೀವು ಹೇಗೆ ಬೇರೆ ಮಾಡಿ ಗುರುತಿಸ್ತೀರಿ?