ಪಿಎಚ್‌ಡಿಗೆ ಶಾಸನ ಹಿಡಿಯೋದಾ, ಸುಟ್ಟ ಕಾಳು ಹಿಡಿಯೋದಾ?

ಗಂಗಾವತಿ ಅಕ್ಕ: ನಮ್ಮ ತಂಗಿ ಪುರಾತತ್ವ ಎಂಎ ಮುಗಿಸ್ಯಾಳ್ರಿ, ಈಗ ಪಿಎಚ್‌ಡಿಗೆ ವಿಷಯ ಆರಿಸ್ಬೇಕು. ಮನ್ಯಾಗೂ ಡಿಪಾರ್ಟ್‌ಮೆಂಟ್‌ನ್ಯಾಗೂ ಎಲ್ಲಾರೂ ಶಾಸನ ಇಲ್ಲಾಂದ್ರ ದೇವಸ್ಥಾನ ತಗೋ, ಗೈಡ್ ಸಿಗ್ತಾರ ಅಂತಾರ. ಆಕಿ ಆರ್ಕಿಯೋಬಾಟನಿನೇ ಬೇಕು ಅಂತ ಕುಂತಾಳ, ಅಂದ್ರ ಹಳೇ ಊರಿನ ಮಣ್ಣಾಗ ಸಿಗೋ ಸುಟ್ಟ ಕಾಳು ನೋಡಿ ಆಗಿನ ಮಂದಿ ಏನು ಬೆಳೀತಿದ್ರು ಅಂತ ಹೇಳೋದು. ಈ ಲೈನ್‌ನ್ಯಾಗ ಇದ್ದೋರು ಹೇಳ್ರಿ.

ಬಳ್ಳಾರಿ ಮೇಷ್ಟ್ರು: ಶಾಸನನೇ ಮಾಡ್ಲಿ ತಾಯಿ. ಮಸ್ಕಿ ಶಾಸನ 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು, ಅದರಾಗೆ ಅಶೋಕ ಅಂತ ಹೆಸರೇ ಇತ್ತು, ಹಂಗಾಗಿ ಬೇರೆ ಶಾಸನದಾಗೆ ಬರೋ ದೇವಾನಾಂಪ್ರಿಯ ಅನ್ನೋ ಬಿರುದು ಯಾರದು ಅನ್ನೋದು ಗಟ್ಟಿ ಆಯ್ತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ನಮ್ಮ ಸಿರುಗುಪ್ಪ ಕಡೆ ನಿಟ್ಟೂರು, ಉದೇಗೋಳ, ಇಷ್ಟು ಹತ್ತಿರ ಹತ್ತಿರ ಅಶೋಕನ ಶಾಸನ ಇರೋ ಸೀಮೆ ಇದು. ಇನ್ನೊಂದು ಮಾತು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗೆ, ರಾಯಚೂರು ಕೊಪ್ಪಳ ನಿಜಾಮರ ಕೈಯಾಗೆ ಇದ್ದವು, ಅದಕ್ಕೆ ಹಳೇ ಮೈಸೂರಿನವರಿಗೆ ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಶಾಸನಗಳ ಸಂಪುಟ ಮಾಡಿಕೊಟ್ಟಂಗೆ ನಮಗೆ ಆಗ್ಲಿಲ್ಲ. ಕನ್ನಡ ವಿವಿಯವರು ಆಮೇಲೆ ಜಿಲ್ಲಾವಾರು ಸಂಪುಟ ತಂದರು, ದೊಡ್ಡ ಕೆಲಸ ಅದು. ಆದ್ರೂ ಹೊಲದ ಬದುವಿನಾಗೆ ಬಿದ್ದಿರೋ ವೀರಗಲ್ಲು ಈಗಲೂ ಸಿಗ್ತಾವೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಯೊಳಗೆ ಕಾಗದ ಕೂಡೋ ತನಕ ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯೋಕೆ ಬರೋ ಹುಡುಗ್ರು ಈಗ ಎಷ್ಟು ಮಂದಿ ಇದ್ದಾರೆ ಹೇಳಿ. ಹಳಗನ್ನಡ ಓದೋದನ್ನ ಹೊರಗಿನವರು ಬಂದು ಮಾಡಿಕೊಡಲ್ಲ.

ಕುಡತಿನಿ ಹುಡುಗ: ಮೇಷ್ಟ್ರೇ ನಿಮ್ಮ ಮೇಲೆ ಗೌರವ ಐತೆ, ಆದ್ರೆ ನಮ್ಮ ಮೂರು ಜಿಲ್ಲೆ ಕಥೆ ಅಶೋಕನಿಂದ ಶುರು ಆಗಲ್ಲ. ಸಂಗನಕಲ್ಲು, ಕುಪ್ಪಗಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳ, ಇವೆಲ್ಲ ಅಕ್ಷರ ಬರೋಕಿಂತ ಸಾವಿರಾರು ವರ್ಷ ಮುಂಚಿನವು. ಆ ಮಂದಿ ಒಂದು ಸಾಲೂ ಬರೆದಿಟ್ಟಿಲ್ಲ, ಅವರ ಬಗ್ಗೆ ಹೇಳಬೇಕಂದ್ರೆ ಎಲುಬು, ಕಾಳು, ಬೂದಿ, ಕಲ್ಲುಕೊಡಲಿ ಇವೇ ಇರೋದು. ನಮ್ಮೂರ ಬೂದಿದಿಬ್ಬ ರಕ್ಕಸರನ್ನ ಸುಟ್ಟ ಬೂದಿ ಅಂತ ಹಿರಿಯರು ಹೇಳ್ತಿದ್ರು, ಹಂಪಿ ಹತ್ರ ನಿಂಬಾಪುರದ್ದನ್ನ ವಾಲಿ ಸುಟ್ಟ ಜಾಗ ಅಂತಾರೆ. ಅದು ದನದ ಸಗಣಿ ಸುಟ್ಟ ಬೂದಿ ಅಂತ ಗಟ್ಟಿಯಾಗಿದ್ದು ಮಣ್ಣು ಪರೀಕ್ಷೆ ಮಾಡಿ, ಅಗೆದು ನೋಡಿದ ಮೇಲೇನೇ. ಪುರಾತತ್ವದ ಆಲ್ಚಿನ್ ಅವರು 1957ರಲ್ಲಿ ಮಹಬೂಬನಗರ ಕಡೆ ಉಟ್ನೂರಿನ ಬೂದಿದಿಬ್ಬ ಅಗೆದಾಗ ದನದ ಗೊರಸಿನ ಗುರುತೇ ಸಿಕ್ಕಿದ್ವು! ಇದನ್ನ ಯಾವ ಶಾಸನ ಹೇಳುತ್ತೆ?

ರಾಯಚೂರು ಸುಮಾ: ಅಕ್ಕಾರ ನಾನು ಫ್ಲೋಟೇಷನ್ ಕೆಲಸ ಮಾಡೀನ್ರಿ. ಅಗೆದ ಮಣ್ಣು ಬಕೆಟ್ ನೀರಿಗೆ ಹಾಕಿ ಮೆಲ್ಲಕ ಕಲಕಿದ್ರ ಮಣ್ಣು ಕೆಳಗ ಕುಂದರ್ತದ, ಇದ್ದಿಲಾಗಿರೋ ಕಾಳು ಹಗುರ ಇರ್ತಾವಲ್ಲ, ಮ್ಯಾಲ ತೇಲಿ ಬರ್ತಾವ, ಅವನ್ನ ಸಣ್ಣ ಜರಡಿಗೆ ಸೋಸಿ ನೆರಳಾಗ ಒಣಗಸ್ತೀವಿ, ಬಿಸಿಲಿಗಿಟ್ರ ಸೀಳಿ ಹೋಗ್ತಾವ. ಆಮ್ಯಾಲ ಮೈಕ್ರೋಸ್ಕೋಪ್ ಮುಂದ ಕುಂತು ಒಂದೊಂದೇ ಕಾಳು ಗುರುತು ಹಿಡೀಬೇಕು. ಸಂಗನಕಲ್ಲಿನ್ಯಾಗ ಹಿಂಗ ಸಿಕ್ಕಿದ್ದು ಏನ್ ಗೊತ್ತಾ, ಕೊರಲೆ ಅನ್ನೋ ಸಿರಿಧಾನ್ಯ, ಹುರುಳಿ, ಹೆಸರು! ಪುರಾತತ್ವದ ರವಿ ಕೋರಿಶೆಟ್ಟರ್ ಸರ್, ಹಳೇ ಕಾಳಿನ ತಜ್ಞ ಡೋರಿಯನ್ ಫುಲ್ಲರ್ ಅವರೆಲ್ಲ ಸೇರಿ ಮಾಡಿದ ಕೆಲಸದಿಂದ ದಕ್ಷಿಣದ ಒಕ್ಕಲುತನ ಇಲ್ಲೇ ನಮ್ಮ ಕಾಳಿನಿಂದನೇ ಬೆಳೀತು ಅನ್ನೋ ವಾದಕ್ಕ ಬಲ ಬಂತು. ನನಗಂತೂ ಇದಕ್ಕಿಂತ ದೊಡ್ಡ ವಿಷಯ ಕಾಣಂಗಿಲ್ಲ. ಆದ್ರ ಲ್ಯಾಬ್ ಬೇಕು, ಇವತ್ತಿನ ಕಾಳು ಸುಟ್ಟು ಹೋಲಿಸಾಕ ಇಟ್ಕೊಂಡ ಸಂಗ್ರಹ ಬೇಕು. ಪುಣೆ ಡೆಕ್ಕನ್ ಕಾಲೇಜಿನ್ಯಾಗ ಅದ, ಅಲ್ಲಿಗೆ ಒಂದಷ್ಟು ತಿಂಗಳು ಹೋಗಾಕ ತಂಗಿ ತಯಾರಿರಬೇಕು.

ಬಳ್ಳಾರಿ ಮೇಷ್ಟ್ರು: ಸುಮಾ ನೀನು ಹೇಳಿದ್ದು ಸರಿ ಅಮ್ಮಾ, ಆದ್ರೆ ಆ ಮಣ್ಣು ಎಲ್ಲಿಂದ ಬರುತ್ತೆ? ಎಎಸ್‌ಐ, ಅಂದ್ರೆ ಕೇಂದ್ರದ ಪುರಾತತ್ವ ಇಲಾಖೆ, ಅದರ ಪರವಾನಗಿ ಇಲ್ದೆ ಒಂದು ಗುದ್ದಲಿ ಹಾಕೋ ಹಂಗಿಲ್ಲ, ಪಿಎಚ್‌ಡಿ ಹುಡುಗಿಗೆ ಒಬ್ಬಳಿಗೇ ಯಾರು ಲೈಸೆನ್ಸ್ ಕೊಡ್ತಾರೆ? ಡಿಪಾರ್ಟ್‌ಮೆಂಟ್ ಉತ್ಖನನ ಹಿಡಿದ್ರೇನೇ ಆಗೋದು. ಉತ್ಖನನ ಮುಂದೂಡ್ತಾ ಹೋದ್ರೆ ಫೆಲೋಶಿಪ್ ಮುಗಿದು ಹೋಗುತ್ತೆ. ಮತ್ತೆ ನಮ್ಮ ಡಿಗ್ರಿ ಕಾಲೇಜಿನಾಗೆ ಹುದ್ದೆ ಕರೆಯೋದು ಇತಿಹಾಸಕ್ಕೆ, ಹೊಟ್ಟೆಪಾಡೂ ನೋಡಬೇಕಲ್ಲ.

ಕುಡತಿನಿ ಹುಡುಗ: ಅದಕ್ಕೇ ಡಿಪಾರ್ಟ್‌ಮೆಂಟ್‌ಗಳು ಬದಲಾಗಬೇಕು ಅಂತಿರೋದು. ಪುರಾತತ್ವ ಅಂತ ಬೋರ್ಡ್ ಹಾಕಿ ಒಳಗೆ ಬರೀ ಶಾಸನ, ದೇವಾಲಯ ಶಿಲ್ಪ ಇದ್ರೆ ಎಲುಬು ನೋಡೋರು ಯಾರು? ಹಾವೇರಿ ಕಡೆ ಹಳ್ಳೂರಿನ ಎಲುಬನ್ನ ಕೆ.ಆರ್. ಆಲೂರರು ನೋಡಿ ಇದರಾಗೆ ಕುದುರೆ ಐತೆ ಅಂದ್ರು, ಅವರು ಪಶುವೈದ್ಯರು. ಅಷ್ಟು ಹಿಂದೆನೇ ದಕ್ಷಿಣದಾಗೆ ಕುದುರೆ ಇತ್ತಾ ಅಂತ ದೇಶದ ತುಂಬಾ ವಾದ ನಡೀತು. ಹೊರಗಿಂದ ಒಬ್ಬರು ಬಂದು ಇಷ್ಟು ಮಾಡಿದ್ರು, ನಮ್ಮಲ್ಲೇ ಎಲುಬಿನ ತಜ್ಞರು ತಯಾರಾದ್ರೆ ಇನ್ನೆಷ್ಟು ಆದೀತು. ಹಟ್ಟಿ ಚಿನ್ನದ ಗಣಿ ಪಕ್ಕದಾಗೇ ಐತೆ, ಎರಡು ಸಾವಿರ ವರ್ಷದ ಹಿಂದೇನೇ ಅಲ್ಲಿ ಆಳಕ್ಕೆ ಇಳಿದು ಅದಿರು ತೆಗೆದಿದ್ದಾರೆ, ಹಳೇ ಲೋಹಗಾರಿಕೆ ಅಂತ ಒಬ್ಬ ಹುಡುಗನಾದ್ರೂ ಇಲ್ಲಿಂದ ಹೊರಡಬೇಡವಾ? ಕಲ್ಲು ಕ್ವಾರಿ ಬೇರೆ ಸಂಗನಕಲ್ಲು ಗುಡ್ಡಗಳನ್ನ ತಿಂದಿದ್ದು ಸಾಕಷ್ಟು ಐತೆ, ಮುಂದೆ ನೋಡ್ತೀವಿ ಅನ್ನೋಕೆ ಟೈಮ್ ಇಲ್ಲ.

ಕಮಲಾಪುರ ಕೆರೆ: ಇಬ್ಬರೂ ಜಗಳ ಬಿಡ್ರಿ ಒಂಚೂರು. ಹಂಪಿ ಸುತ್ತ ಪುರಾತತ್ವದ ಕ್ಯಾಥ್ಲೀನ್ ಮೊರಿಸನ್ ಅವರು ಶಾಸನನೂ ಓದಿಸಿದ್ರು, ಕೆರೆ ಹೂಳಿನಾಗಿನ ಪರಾಗನೂ, ಅಂದ್ರೆ ಹೂವಿನ ಧೂಳನ್ನೂ, ನೋಡಿದ್ರು, ಎರಡೂ ಕೂಡಿಸಿ ವಿಜಯನಗರದ ಬೇಸಾಯದ ಚರಿತ್ರೆ ಬರೆದ್ರು. ದಾನಶಾಸನದಾಗೆ ಗದ್ದೆ, ತೋಟ ಅಂತ ಬರುತ್ತೆ, ಮಳೆ ನಂಬಿದ ಹೊಲದಾಗೆ ರಾಗಿ ಹಾಕಿದೋನ ಮಾತು ಅಷ್ಟಾಗಿ ಬರಲ್ಲ. ಅದಕ್ಕೆ ಮೊದಲು ಪ್ರಶ್ನೆ ಏನು ಅಂತ ಹುಡುಗಿ ಗಟ್ಟಿ ಮಾಡ್ಕೊಳ್ಳಲಿ, ವಿಭಾಗ ಯಾವುದು ಅನ್ನೋದು ಆಮೇಲೆ.

ಬಳ್ಳಾರಿ ಮೇಷ್ಟ್ರು: ಅವರ ಹಿಂದೆ ದೊಡ್ಡ ತಂಡ, ದೊಡ್ಡ ದುಡ್ಡು ಇತ್ತಪ್ಪ. ಇಲ್ಲಿ ಒಬ್ಬಳೇ ಎರಡೂ ಹಿಡಿದ್ರೆ ಎರಡೂ ಅರ್ಧಕ್ಕೆ ನಿಲ್ತಾವೆ. ಲಿಪಿ ಕಲಿಯೋಕೇ ವರ್ಷಗಟ್ಟಲೆ ಬೇಕು.

ರಾಯಚೂರು ಸುಮಾ: ಮೇಷ್ಟ್ರ, ಉತ್ಖನನ ಕಾಯೋದೇ ಬ್ಯಾಡ್ರಿ. ಹಿಂದ ಅಗೆದ ಕಡಿಂದ ತೆಗೆದಿಟ್ಟ ಮಣ್ಣಿನ ಚೀಲ, ವಿಂಗಡಿಸಲಾರದ ಸ್ಯಾಂಪಲ್ ಸ್ಟೋರ್‌ನ್ಯಾಗ ಬಿದ್ದಿರ್ತಾವ, ಲೇಬಲ್ ಸರಿ ಇತ್ತಂದ್ರ ಅದರ ಮ್ಯಾಲೇ ಒಂದು ಒಳ್ಳೆ ಥೀಸಿಸ್ ಆಗ್ತದ. ಗೈಡ್ ಒಪ್ಪಿಗಿ ಪತ್ರ ಬರೆದು ಕೇಳಬೇಕು ಅಷ್ಟ. ಅಕ್ಕಾರ, ತಂಗಿ ಮೊದಲು ಈ ಕೆಲಸ ಮಾಡ್ಲಿ. ಯುಜಿಸಿ ನೆಟ್ ಪರೀಕ್ಷೆನ್ಯಾಗ ಪುರಾತತ್ವಕ್ಕ ಬ್ಯಾರೆ ಪೇಪರ್ ಅದ, ಅದನ್ನೂ ಬರೀಲಿ.

ಗಂಗಾವತಿ ಅಕ್ಕ: ಎಲ್ಲಾ ಓದಿ ತೋರಿಸಿದ್ನಿರಿ. ಕಾಳೇ ಅಂತಾಳ, ಆದ್ರ ಮೇಷ್ಟ್ರ ಹತ್ರ ಪಡಿಯಚ್ಚು ತೆಗೆಯೋದು ಕಲೀತೀನಿ ಅಂತನೂ ಅಂದಾಳ. ಸುಮಾ ಅವರೇ, ಸ್ಟೋರ್‌ನ್ಯಾಗಿನ ಸ್ಯಾಂಪಲ್ ಕೇಳಾಕ ಪತ್ರ ಹೆಂಗ ಬರೀಬೇಕು, ಒಂದು ನಮೂನಿ ಹಾಕ್ತೀರಾ? ಮತ್ತ ಕೊಪ್ಪಳ ಕಡೆ ಇನ್ನೂ ಕೊರಲೆ ಬಿತ್ತೋ ರೈತರು ಯಾರಾದ್ರೂ ಇದ್ರ ಊರು ಹೇಳ್ರಿ, ಹೋಲಿಸಾಕ ಕಾಳು ಬೇಕಂತ, ಈ ಹಂಗಾಮಿನ್ಯಾಗ ಹೋಗಿ ತರ್ತೀವಿ.