ಪದಚರ್ಚೆ: ಸಿಬಿಟಿಯ ‘ಥಾಟ್’ ಕನ್ನಡದಲ್ಲಿ ಯೋಚನೆಯೇ, ಅನಿಸಿಕೆಯೇ, ಬೇರೊಂದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಖಿನ್ನತೆ ಮತ್ತು ಆತಂಕಗಳಿಗೆ ಮಾತಿನ ಮೂಲಕ ನೀಡುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಸಿಬಿಟಿ, ಕುರಿತ ಸಂಶೋಧನೆಗಳನ್ನು ಪರಿಚಯಿಸುವ ದೀರ್ಘ ಲೇಖನವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಔಷಧಗಳ ಹೆಸರುಗಳಾಗಲಿ ಅಂಕಿ ಅಂಶಗಳಾಗಲಿ ಅಷ್ಟೇನೂ ಕಾಡಲಿಲ್ಲ. ಕಾಡುತ್ತಿರುವುದು ‘ಥಾಟ್’ ಎಂಬ ತೀರಾ ಸಾಮಾನ್ಯವಾದ ಪದ. ನಿಘಂಟು ತೆರೆದರೆ ಯೋಚನೆ, ಆಲೋಚನೆ, ಚಿಂತನೆ, ವಿಚಾರ, ಭಾವನೆ ಎಂದು ಸಾಲಾಗಿ ಅರ್ಥಗಳು ಸಿಗುತ್ತವೆ. ಆದರೆ ಈ ಚಿಕಿತ್ಸೆಯ ಸಂದರ್ಭಕ್ಕೆ ಅವುಗಳಲ್ಲಿ ಯಾವುದೂ ಸರಿಹೊಂದುತ್ತಿಲ್ಲ. ಏಕೆ ಹೊಂದುತ್ತಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಈ ಚಿಕಿತ್ಸೆಯ ತಳಹದಿ ಹಾಕಿದರು. ಖಿನ್ನತೆಯಿಂದ ಬಳಲುವವರು ತಮ್ಮ ಬಗ್ಗೆ ಹೇಳಿಕೊಳ್ಳುವಾಗ, ಹೇಳುತ್ತಿರುವ ಮಾತಿನ ಪಕ್ಕದಲ್ಲೇ ‘ಇದು ನನ್ನಿಂದಾಗದು’, ‘ಇವರಿಗೆ ನನ್ನ ಮಾತು ಬೇಸರ ತರಿಸುತ್ತಿದೆ’ ಎಂಬಂಥ ಚುಟುಕು ಮಾತುಗಳು ಅವರ ಮನಸ್ಸಿನಲ್ಲಿ ಕರೆಯದೆಯೇ ಬಂದು ಹೋಗುತ್ತವೆ ಎಂಬುದನ್ನು ಅವರು ಗಮನಿಸಿದರು. ಇವಕ್ಕೆ ಅವರು ಕೊಟ್ಟ ಹೆಸರು ‘ಆಟೋಮ್ಯಾಟಿಕ್ ಥಾಟ್ಸ್’. ಆ ಮಾತನ್ನು ಹಿಡಿದು ನಿಲ್ಲಿಸುವುದು, ಹಾಳೆಯ ಮೇಲೆ ಬರೆಯುವುದು, ಅದಕ್ಕೆ ಆಧಾರವೇನು ಎಂದು ಒರೆಗೆ ಹಚ್ಚಿ ನೋಡುವುದು, ಈ ಕೆಲಸವನ್ನು ಚಿಕಿತ್ಸಕರೂ ರೋಗಿಯೂ ಜೊತೆಗೂಡಿ ಮಾಡುತ್ತಾರೆ. 1977ರಲ್ಲಿ ಬೆಕ್ ಮತ್ತು ಸಂಗಡಿಗರು 41 ಮಂದಿ ರೋಗಿಗಳ ಮೇಲೆ 12 ವಾರಗಳ ಕಾಲ ನಡೆಸಿದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಇಮಿಪ್ರಮೀನ್ ಎಂಬ ಔಷಧಕ್ಕಿಂತ ಈ ಮಾತಿನ ಚಿಕಿತ್ಸೆಯೇ ಹೆಚ್ಚು ಗುಣ ಕೊಟ್ಟಿತೆಂದು ಅದು ತೋರಿಸಿದ್ದರಿಂದ ಎಲ್ಲರ ಗಮನ ಇತ್ತ ಹರಿಯಿತು. ಆದರೆ ಅಧ್ಯಯನ ಚಿಕ್ಕದು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನ ಹೊರಬಂದಾಗ ಈ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಬಿತ್ತು. ತೀವ್ರ ಖಿನ್ನತೆಯುಳ್ಳವರಲ್ಲಿ ಔಷಧದ್ದೇ ಮೇಲುಗೈ ಎಂದು ಅಲ್ಲಿ ಕಂಡಿತು. 2005ರಲ್ಲಿ ಪೆನ್ಸಿಲ್ವೇನಿಯಾ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳು ಸೇರಿ 240 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಾದರೋ 16 ವಾರಗಳ ಕೊನೆಗೆ ಔಷಧವೂ ಈ ಚಿಕಿತ್ಸೆಯೂ ಸರಿಸಮವಾಗಿ ನಿಂತವು. ಹೀಗೆ ಹಿಗ್ಗುತ್ತಾ ಕುಗ್ಗುತ್ತಾ ಬಂದಿರುವ ಚರಿತ್ರೆಯನ್ನು ಹೇಳುವ ಲೇಖನದಲ್ಲಿ ಮೂಲ ಪರಿಕಲ್ಪನೆಯ ಹೆಸರೇ ಸಡಿಲವಾಗಿದ್ದರೆ ಓದುಗರು ಮೊದಲ ಪುಟದಲ್ಲೇ ದಾರಿ ತಪ್ಪುತ್ತಾರೆ.

ಈ ಚಿಕಿತ್ಸೆಯಲ್ಲಿ ಬಳಸುವ ಹಾಳೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಅದರಲ್ಲಿ ಉದ್ದುದ್ದಕ್ಕೆ ಅಂಕಣಗಳಿರುತ್ತವೆ. ಮೊದಲನೆಯದರಲ್ಲಿ ನಡೆದ ಸಂಗತಿ, ಎರಡನೆಯದರಲ್ಲಿ ಆಗ ಆದ ಭಾವನೆ ಮತ್ತು ಅದು ನೂರಕ್ಕೆ ಎಷ್ಟರಮಟ್ಟಿಗೆ ಇತ್ತು ಎಂಬ ಅಂದಾಜು, ಮೂರನೆಯದರಲ್ಲಿ ಆಗ ಮನಸ್ಸಿನಲ್ಲಿ ಹಾದುಹೋದ ‘ಥಾಟ್’, ಅದರಾಚೆಗೆ ಅದಕ್ಕೆ ಕೊಡಬಹುದಾದ ಉತ್ತರ. ಒಂದು ಉದಾಹರಣೆ ನೋಡೋಣ. ಮದುವೆಮನೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಎದುರಾಗುತ್ತಾರೆ, ಮಾತನಾಡಿಸದೆ ಮುಂದೆ ಹೋಗುತ್ತಾರೆ. ಇದು ಸಂಗತಿ. ‘ಬೇಜಾರು, 70’ ಎಂಬುದು ಭಾವನೆ. ‘ಅವರಿಗೆ ನಾನು ಲೆಕ್ಕಕ್ಕೇ ಇಲ್ಲ’ ಎಂಬುದು ಥಾಟ್. ಚಿಕಿತ್ಸೆಯ ಜೀವಾಳವೆಲ್ಲ ಎರಡನೆಯ ಮತ್ತು ಮೂರನೆಯ ಅಂಕಣಗಳ ನಡುವಿನ ಗೆರೆಯಲ್ಲಿದೆ. ಬೇಜಾರಾದದ್ದು ಸುಳ್ಳೋ ನಿಜವೋ ಎಂದು ಯಾರೂ ವಾದಿಸಲಾರರು. ಆದರೆ ಲೆಕ್ಕಕ್ಕೆ ಇಲ್ಲವೆಂಬುದು ನಿಜವೇ ಎಂದು ಕೇಳಲು ಸಾಧ್ಯ. ಅವರು ಗಮನಿಸದೆ ಇದ್ದಿರಬಹುದು, ಊಟದ ಪಂಕ್ತಿಗೆ ಅವಸರದಲ್ಲಿದ್ದಿರಬಹುದು.

ಮೂರನೆಯ ಅಂಕಣದ ತಲೆಯ ಮೇಲೆ ‘ಯೋಚನೆ’ ಎಂದು ಬರೆದರೆ ಏನಾಗುತ್ತದೆ? ಆಡುಮಾತಿನಲ್ಲಿ ಯೋಚನೆ ಎಂದರೆ ಬಹುಮಟ್ಟಿಗೆ ಕಳವಳವೇ. ‘ಯೋಚನೆ ಮಾಡಬೇಡಿ, ಎಲ್ಲಾ ಸರಿಹೋಗುತ್ತೆ’ ಎನ್ನುವಾಗ ಬುದ್ಧಿಯನ್ನು ಬಳಸಬೇಡಿ ಎಂದು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ. ‘ಆಗ ನಿಮಗೆ ಯಾವ ಯೋಚನೆ ಬಂತು?’ ಎಂದು ಕೇಳಿದರೆ ‘ಮಗಳ ಮದುವೆದೇ ಯೋಚನೆ’ ಎಂದೋ ‘ಯೋಚನೆ ಏನಿಲ್ಲ ಸಾರ್’ ಎಂದೋ ಉತ್ತರ ಬರುವ ಸಂಭವ ಹೆಚ್ಚು. ಉತ್ತರ ಕರ್ನಾಟಕದ ‘ವಿಚಾರ’ದ ಗತಿಯೂ ಇದೇ, ‘ಭಾಳ ವಿಚಾರ ಮಾಡಬ್ಯಾಡ’ ಎನ್ನುವುದು ಸಮಾಧಾನದ ಮಾತು. ‘ಚಿಂತೆ’ಯಂತೂ ಸಂಸ್ಕೃತದಲ್ಲಿ ಆಲೋಚನೆಯಾಗಿದ್ದುದು ಕನ್ನಡಕ್ಕೆ ಬಂದು ಪೂರ್ತಿಯಾಗಿ ಕಳವಳವೇ ಆಗಿಬಿಟ್ಟಿದೆ. ‘ಆಲೋಚನೆ’ ಈ ಅಂಟಿನಿಂದ ತಕ್ಕಮಟ್ಟಿಗೆ ಪಾರಾಗಿದೆ, ಆದರೆ ಅದು ಬೇಕೆಂದೇ ಕುಳಿತು ಮಾಡುವ ಕೆಲಸ. ತಾನಾಗಿ ಮಿಂಚಿ ಮರೆಯಾಗುವುದನ್ನು ಆಲೋಚನೆ ಎನ್ನಲು ನನ್ನ ಕಿವಿ ಒಪ್ಪುವುದಿಲ್ಲ.

ಮನಸ್ಸಿನ ನೋವಿಗೆ ಯೋಚನೆಯ ಹೆಸರಿಡುವುದು ಕನ್ನಡದ ಜಾಯಮಾನವೊಂದೇ ಅಲ್ಲ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರವಾದ ಸಂಕಟವನ್ನು ‘ಕುಫುಂಗಿಸಿಸಾ’ ಎನ್ನುತ್ತಾರೆ. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ಹರಾರೆಯ ಚಿಕಿತ್ಸಾಲಯಗಳ ಅಂಗಳದ ಬೆಂಚಿನ ಮೇಲೆ ಕುಳಿತು, ತರಬೇತಿ ಪಡೆದ ಹಿರಿಯ ಹೆಂಗಸರು ನೀಡುವ ಚಿಕಿತ್ಸೆಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 573 ಮಂದಿ ಅದರಲ್ಲಿ ಭಾಗವಹಿಸಿದ್ದರು. ಅದು ನೇರವಾಗಿ ಸಿಬಿಟಿಯಲ್ಲ, ಅದರ ದಾಯಾದಿಯಾದ ಸಮಸ್ಯಾಪರಿಹಾರ ಚಿಕಿತ್ಸೆ. ಅಲ್ಲಿಯವರು ಚಿಕಿತ್ಸೆಯ ಹಂತಗಳಿಗೂ ಶೋನಾ ಹೆಸರುಗಳನ್ನೇ ಇಟ್ಟುಕೊಂಡರು. ಮೊದಲ ಹಂತ ‘ಕುವುರಾ ಪ್ಫುಂಗ್ವಾ’, ಅಂದರೆ ಮನಸ್ಸನ್ನು ತೆರೆಯುವುದು. ಅವರು ಕೋಶ ನೋಡಿ ಪದ ಕಟ್ಟಲಿಲ್ಲ, ಬಾಯಲ್ಲಿದ್ದುದನ್ನು ಎತ್ತಿಕೊಂಡರು. ನಾವೂ ಹಾಗೆ ಮಾಡಬಹುದಲ್ಲವೇ ಎಂಬುದು ನನ್ನ ಆಸೆ.

ಹಾಗೆ ಬಾಯಲ್ಲಿರುವ ಪದವೆಂದರೆ ‘ಅನಿಸು’. ‘ಆಗ ನಿಮಗೆ ಏನನಿಸಿತು?’ ಎಂಬ ಪ್ರಶ್ನೆ ಎಷ್ಟು ಸಹಜವಾಗಿದೆ ನೋಡಿ. ಅದರ ತೊಡಕು ಇನ್ನೊಂದು ಬಗೆಯದು. ‘ಬೇಜಾರನಿಸಿತು’ ಎನ್ನುತ್ತೇವೆ, ‘ಅವರಿಗೆ ನಾನು ಬೇಡ ಅನಿಸಿತು’ ಎಂದೂ ಎನ್ನುತ್ತೇವೆ. ಒಂದೇ ಕ್ರಿಯಾಪದ ಭಾವನೆಯನ್ನೂ ತೀರ್ಮಾನವನ್ನೂ ಹೊತ್ತು ನಡೆಯುತ್ತದೆ. ಯಾವ ಗೆರೆಯ ಮೇಲೆ ಚಿಕಿತ್ಸೆ ನಿಂತಿದೆಯೋ ಆ ಗೆರೆಯನ್ನೇ ಅದು ಅಳಿಸುತ್ತದೆ. ಇಂಗ್ಲಿಷಿನಲ್ಲೂ ‘ಫೀಲ್’ ಎಂಬ ಪದ ಇದೇ ತೊಂದರೆ ಕೊಡುತ್ತದೆ ನಿಜ, ಆದರೆ ಅವರಿಗೆ ‘ಥಿಂಕ್’ ಎಂಬ ಬೇರೆ ಪದ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ‘ಅನಿಸಿಕೆ’ ಎಂದು ನಾಮಪದ ಮಾಡಿದರೆ ಅದು ಪುಸ್ತಕ ಬಿಡುಗಡೆಯ ನಂತರ ಓದುಗರು ಹೇಳುವ ಅಭಿಪ್ರಾಯವಾಗಿಬಿಡುತ್ತದೆ.

ನನಗೆ ಸದ್ಯಕ್ಕೆ ಹೆಚ್ಚು ಹಿಡಿಸಿರುವುದು ‘ತೋಚು’ ಎಂಬ ಕ್ರಿಯಾಪದ. ‘ಆ ಗಳಿಗೆಯಲ್ಲಿ ನಿಮಗೆ ತೋಚಿದ್ದೇನು?’ ಎಂದರೆ ಕಳವಳವೂ ಇಲ್ಲ, ಭಾವನೆಯೂ ಇಲ್ಲ. ತೋಚುವುದು ಕರ್ತೃವಿನ ಪ್ರಯತ್ನವಿಲ್ಲದೆ ಆಗುವಂಥದು, ಆದ್ದರಿಂದ ‘ಆಟೋಮ್ಯಾಟಿಕ್’ ಎಂಬ ವಿಶೇಷಣವೂ ಅದರೊಳಗೇ ಅಡಗಿದೆ. ‘ಸ್ವಯಂಚಾಲಿತ ಆಲೋಚನೆ’ ಎಂಬ, ಕಾರ್ಖಾನೆಯ ಯಂತ್ರವನ್ನು ನೆನಪಿಸುವ ಪದಗುಚ್ಛದಿಂದಲೂ ಬಿಡುಗಡೆ ಸಿಗುತ್ತದೆ. ಆಕ್ಷೇಪಗಳೂ ಇವೆ. ‘ಏನು ಮಾಡಬೇಕೆಂದೇ ತೋಚಲಿಲ್ಲ’ ಎಂಬ ನಿಷೇಧರೂಪದಲ್ಲೇ ಈ ಪದ ಹೆಚ್ಚಾಗಿ ಬದುಕಿದೆ. ‘ತೋಚಿದ್ದನ್ನು ಗೀಚಿದ’ ಎಂಬಲ್ಲಿ ಸ್ವಲ್ಪ ತಾತ್ಸಾರವೂ ಇದೆ. ‘ತೋಚಿಕೆ’ ಎಂಬ ನಾಮಪದ ಕಿವಿಗೆ ಹೊಸದು. ಕರಾವಳಿಯವರು ‘ಎಣಿಸು’ ಎಂಬುದನ್ನು ಭಾವಿಸು ಎಂಬ ಅರ್ಥದಲ್ಲಿ ದಿನವೂ ಬಳಸುತ್ತಾರೆ, ‘ನೀವು ಬರುವುದಿಲ್ಲ ಎಂದು ಎಣಿಸಿದೆ’ ಎಂಬಂತೆ. ‘ಎಣಿಕೆ’ ತಪ್ಪಿರಬಹುದು, ಸರಿಯೂ ಇರಬಹುದು ಎಂಬ ಧ್ವನಿ ಅದರಲ್ಲಿರುವುದರಿಂದ ಚಿಕಿತ್ಸೆಗೆ ಬಹಳ ಒಪ್ಪುತ್ತದೆ. ಆದರೆ ಮೈಸೂರು, ತುಮಕೂರು ಕಡೆಯ ಓದುಗರಿಗೆ ಎಣಿಕೆಯೆಂದರೆ ಮತಗಳದ್ದೇ.

ಚಿಕಿತ್ಸೆಯ ಹೆಸರಿನ ವಿಷಯಕ್ಕೆ ಬಂದರೆ, ‘ಅರಿವಿನ ವರ್ತನಾ ಚಿಕಿತ್ಸೆ’ ಮತ್ತು ‘ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆ’ ಎಂಬ ಎರಡು ರೂಪಗಳು ಕಾಣಸಿಗುತ್ತವೆ. ವಚನಗಳ ಕಾಲದಿಂದಲೂ ಅರಿವು ಎಂದರೆ ನಿಜವಾದ ತಿಳಿವು. ತಪ್ಪು ಅರಿವು ಎಂಬುದೇ ಕನ್ನಡಕ್ಕೆ ಇರಿಸುಮುರಿಸು. ಇಂದಿನ ಸರ್ಕಾರಿ ಕನ್ನಡದಲ್ಲಾದರೆ ‘ಅರಿವು ಕಾರ್ಯಕ್ರಮ’ ಎಂದು ಜಾಗೃತಿಯ ಅರ್ಥ ಬಂದಿದೆ, ಆಸ್ಪತ್ರೆಯಲ್ಲಿ ‘ಅರಿವಳಿಕೆ’ ಎಂದು ಪ್ರಜ್ಞೆಯ ಅರ್ಥವಿದೆ. ಅರಿವಳಿಕೆ ತಜ್ಞರ ಕೋಣೆಯ ಪಕ್ಕದಲ್ಲೇ ‘ಅರಿವಿನ ಚಿಕಿತ್ಸೆ’ ಎಂಬ ಫಲಕ ಹಾಕಿದರೆ ಜನ ಏನು ತಿಳಿದುಕೊಳ್ಳಬೇಕು? ಸಂಜ್ಞಾನವು ಬಿ.ಎಡ್. ಪಠ್ಯಗಳಲ್ಲಿ ನೆಲೆಯೂರಿದೆ, ಹೊರಗಿನವರಿಗೆ ಸಂಜ್ಞೆ ಮಾತ್ರ ಗೊತ್ತು. ‘ವರ್ತನೆ’ಯ ಮೇಲೂ ನನಗೆ ಅನುಮಾನವಿದೆ: ‘ಅವನ ವರ್ತನೆ ಸರಿಯಿಲ್ಲ’ ಎಂಬ ದೂರಿನಲ್ಲೇ ಅದನ್ನು ಹೆಚ್ಚು ಕೇಳುವುದರಿಂದ, ವರ್ತನಾ ಚಿಕಿತ್ಸೆ ಎಂದರೆ ಪುಂಡರನ್ನು ತಿದ್ದುವ ಕ್ರಮವೆಂದು ತೋರೀತು. ಇಲ್ಲಿ ‘ಸಿಬಿಟಿ’ ಎಂದೇ ಇಟ್ಟುಕೊಂಡು ಒಮ್ಮೆ ವಿವರಿಸುವುದು ಲೇಸು ಎಂಬುದು ನನ್ನ ನಿಲುವು.

ಇದ್ದುದನ್ನು ಇದ್ದಂತೆ ಕಾಣದೆ ತಿರುಚಿ ಕಾಣುವ ಥಾಟ್‌ಗೆ ಹೇಳುವ ‘ಕಾಗ್ನಿಟಿವ್ ಡಿಸ್ಟಾರ್ಶನ್’ ಎಂಬುದಕ್ಕೆ ‘ವಿಕೃತಿ’ ಬಳಸುವುದನ್ನಂತೂ ದಯವಿಟ್ಟು ನಿಲ್ಲಿಸಬೇಕು. ಅಪರಾಧ ಸುದ್ದಿಗಳಲ್ಲಿ ‘ವಿಕೃತ ಮನಸ್ಸಿನವನು’ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಖಿನ್ನತೆಯಲ್ಲಿ ಕುಗ್ಗಿರುವವರಿಗೆ ನಿಮ್ಮ ಆಲೋಚನೆ ವಿಕೃತವಾಗಿದೆ ಎಂದು ಹೇಳುವುದುಂಟೇ? ‘ಓರೆ’ ಎಂಬ ಪದ ಮೆದುವಾಗಿದೆ, ತಿದ್ದಬಹುದೆಂಬ ಭರವಸೆಯೂ ಅದರಲ್ಲಿದೆ. ಓರೆಯನ್ನು ಒರೆಗೆ ಹಚ್ಚುವುದು ಎಂದು ಬರೆಯುವಾಗ ಅಚ್ಚುಮನೆಯವರು ದೀರ್ಘ ಹ್ರಸ್ವ ಅದಲುಬದಲು ಮಾಡದಿದ್ದರೆ ಸಾಕು. ಮುಂದೆ ಕೇಡೇ ಕಾದಿದೆ ಎಂದು ತೀರ್ಮಾನಿಸುವ ಓರೆಗೆ ‘ಕಡ್ಡಿಯನ್ನು ಗುಡ್ಡ ಮಾಡುವುದು’ ಎಂಬ ನುಡಿಗಟ್ಟನ್ನು ಹೊಂದಿಸುವ ಆಸೆಯಾಗುತ್ತದೆ, ಆದರೆ ಅದು ಇನ್ನೊಬ್ಬರನ್ನು ಹಂಗಿಸುವ ಮಾತು, ನೋಯುತ್ತಿರುವವರ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗೆಯೇ ‘ಸಕಾರಾತ್ಮಕ ಚಿಂತನೆ’ ಎಂಬ ಪದಗುಚ್ಛವನ್ನು ಈ ಚಿಕಿತ್ಸೆಗೆ ಅಂಟಿಸುವುದೂ ತಪ್ಪು. ಒಳ್ಳೆಯದನ್ನೇ ಯೋಚಿಸಿ ಎಂದು ಸಿಬಿಟಿ ಹೇಳುವುದಿಲ್ಲ, ಆಧಾರ ನೋಡಿ ಎನ್ನುತ್ತದೆ. ಆಧಾರ ನೋಡಿದ ಮೇಲೆ ಕೆಲವೊಮ್ಮೆ ಮೊದಲು ತೋಚಿದ್ದೇ ನಿಜವಾಗಿರುವುದೂ ಉಂಟು.

ಇನ್ನು ‘ಬಿಹೇವಿಯರಲ್ ಆಕ್ಟಿವೇಶನ್’. 1996ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಬಿಡಿಭಾಗಗಳಾಗಿ ಬಿಚ್ಚಿ ಪರೀಕ್ಷಿಸಿದರು. ಕೈಬಿಟ್ಟ ಚಟುವಟಿಕೆಗಳಿಗೆ ರೋಗಿಯನ್ನು ಹಂತಹಂತವಾಗಿ ಮರಳಿ ತರುವ ಭಾಗವೊಂದೇ, ಪೂರ್ಣ ಚಿಕಿತ್ಸೆಯಷ್ಟೇ ಫಲ ಕೊಟ್ಟಿತು. ಥಾಟ್ ಹಿಡಿಯುವ ಕಸರತ್ತೆಲ್ಲ ನಿಜಕ್ಕೂ ಬೇಕೇ ಎಂಬ ಪ್ರಶ್ನೆ ಆಗ ಎದ್ದಿತು, ಇಂದಿಗೂ ಪೂರ್ತಿಯಾಗಿ ಮಲಗಿಲ್ಲ. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇದೇ ತತ್ತ್ವದ ಮೇಲೆ, ಮನೋವೈದ್ಯರಲ್ಲದ ಸಾಮಾನ್ಯ ಸಲಹೆಗಾರರಿಂದ ಕೊಡಿಸಿದ ಚಿಕಿತ್ಸೆಯ ಫಲಿತಾಂಶ 2017ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ನಂತರ ಚಿಕಿತ್ಸೆ ಪಡೆದವರಲ್ಲಿ ಶೇ. 64, ಪಡೆಯದವರಲ್ಲಿ ಶೇ. 39 ಮಂದಿಯ ಅಂಕ, ಖಿನ್ನತೆಯ ತೀವ್ರತೆಯನ್ನು ಅಳೆಯುವ 0ಯಿಂದ 27ರವರೆಗಿನ ಪಿಎಚ್‌ಕ್ಯು-9 ಮಾಪನದಲ್ಲಿ, 10ಕ್ಕಿಂತ ಕೆಳಗಿಳಿದಿತ್ತು. ಇದನ್ನು ‘ವರ್ತನಾ ಸಕ್ರಿಯಗೊಳಿಸುವಿಕೆ’ ಎಂದರೆ ನಾಲಿಗೆ ತೊಡರುತ್ತದೆ. ‘ಚಟುವಟಿಕೆ ಚಿಕಿತ್ಸೆ’ ಎಂದರೆ ವ್ಯಾಯಾಮವೆಂಬ ಭ್ರಮೆ ಹುಟ್ಟುತ್ತದೆ. ‘ತೊಡಗಿಸುವ ಚಿಕಿತ್ಸೆ’ ಹೇಗೆ?

ಅಂಕ ಹೀಗೆ ಕೆಳಗಿಳಿಯುವುದನ್ನು ಹೇಳುವ ‘ರೆಮಿಶನ್’ಗೆ ‘ಉಪಶಮನ’ ಸಾಕೆಂದುಕೊಂಡಿದ್ದೇನೆ. ‘ಗುಣಮುಖ’ ಬಿಡಿಸಿದರೆ ಗುಣದ ಕಡೆಗೆ ಮುಖ ಮಾಡಿರುವುದು ಎಂದೇ ಆಗುತ್ತದೆ, ಆದರೆ ಪತ್ರಿಕೆಗಳು ಅದನ್ನು ಪೂರ್ಣ ವಾಸಿಗೆ ಮೀಸಲಿಟ್ಟಿವೆ. 2016ರಲ್ಲಿ ಇಂಗ್ಲೆಂಡಿನಲ್ಲಿ 440 ಮಂದಿಯ ಮೇಲೆ ನಡೆದ ಕೋಬ್ರಾ ಅಧ್ಯಯನ, ತೊಡಗಿಸುವ ಚಿಕಿತ್ಸೆಯು ಸಿಬಿಟಿಗಿಂತ ‘ನಾನ್ ಇನ್‌ಫೀರಿಯರ್’ ಎಂದು ತೀರ್ಮಾನಿಸಿತು. ಮೊದಲೇ ಗೊತ್ತುಮಾಡಿಕೊಂಡ ಮಿತಿಯನ್ನು ದಾಟಿ ಹಿಂದೆ ಬಿದ್ದಿಲ್ಲ ಎಂದಷ್ಟೇ ಇದರ ಅರ್ಥ. ‘ಸಮಾನ’ ಎಂದರೆ ಹೆಚ್ಚಾಗುತ್ತದೆ, ‘ಕೀಳಲ್ಲ’ ಎಂದರೆ ಜಗಳದ ಮಾತಾಗುತ್ತದೆ. ‘ಕಡಿಮೆಯಿಲ್ಲ’ ಎಂಬುದು ಹತ್ತಿರ ಬರುತ್ತದೆ, ಆದರೆ ‘ನಾವೇನು ಕಡಿಮೆಯಿಲ್ಲ’ ಎಂಬ ಜಂಬವನ್ನು ಅದರಿಂದ ಕಳೆಯುವುದು ಹೇಗೆಂದು ತಿಳಿಯದು.

ನನ್ನ ಪ್ರಶ್ನೆಗಳಲ್ಲಿ ಮುಖ್ಯವಾದುದು ಮೂರನೆಯ ಅಂಕಣದ್ದೇ. ಆಸ್ಪತ್ರೆಗಳಲ್ಲಿ ಕನ್ನಡದಲ್ಲೇ ಆಪ್ತಸಮಾಲೋಚನೆ ನಡೆಸುವವರು ಬಳಗದಲ್ಲಿದ್ದರೆ, ಈ ಪ್ರಶ್ನೆಯನ್ನು ನೀವು ಯಾವ ಮಾತಿನಲ್ಲಿ ಕೇಳುತ್ತೀರಿ, ಅದಕ್ಕೆ ಜನ ಯಾವ ಮಾತಿನಲ್ಲಿ ಉತ್ತರಿಸುತ್ತಾರೆ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ಹಾವೇರಿ, ಧಾರವಾಡ, ಕಲಬುರಗಿ ಕಡೆಯವರು ‘ತೋಚು’ ಎಂಬುದನ್ನು ನಿಷೇಧವಲ್ಲದ ರೂಪದಲ್ಲಿ ಬಳಸುವುದುಂಟೇ, ಅಲ್ಲಿ ಅದಕ್ಕೆ ಬದಲಾಗಿ ‘ಹೊಳಿ’ ಅಥವಾ ಬೇರೆ ಪದವೇ ನಡೆಯುತ್ತದೆಯೇ? ಹಳಗನ್ನಡ ಬಲ್ಲವರು ‘ಬಗೆ’ ಎಂಬ ಕ್ರಿಯಾಪದವನ್ನು ಸೂಚಿಸುವರೆಂದು ಊಹಿಸಿದ್ದೇನೆ. ಹಾಗಿದ್ದರೆ, ತಾನಾಗಿ ಬರುವುದಕ್ಕೂ ಬೇಕೆಂದು ಬಗೆಯುವುದಕ್ಕೂ ಕಾವ್ಯಗಳಲ್ಲಿ ಎಲ್ಲಾದರೂ ಭೇದ ಮಾಡಲಾಗಿದೆಯೇ ಎಂಬುದನ್ನು ಪ್ರಯೋಗಸಹಿತ ತಿಳಿಸಿ.