‘ನಮ್ಮ ಮನೆಯವರು’ ಗುಂಪು: ಓಡದ ಕುದುರೆಗಳ ಫಾರ್ವರ್ಡು

ದೊಡ್ಡಮಾವ (ಫಾರ್ವರ್ಡ್): ನಿಮಗೆ ಗೊತ್ತೇ? ಲಂಡನ್ ಹತ್ತಿರದ ಸ್ಲೌ ಊರಿನಲ್ಲಿ ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ5 ಒಂದು ಗುಟ್ಟಿನ ಕಚೇರಿ ಇಟ್ಟಿದೆ! ತಪ್ಪು ಮಾಡಿದ ಗೂಢಚಾರರನ್ನು ಅಲ್ಲಿ ಕೊಳೆಹಾಕುತ್ತಾರೆ. ಅಲ್ಲಿಂದ ಹೊರಬಂದ ಗೂಢಚಾರ ಮಿಕ್ ಹೆರನ್ ಬರೆದ ಪುಸ್ತಕವನ್ನು ಹಾಲಿವುಡ್ ನಟ ವಿಲ್ ಸ್ಮಿತ್ ಸೀರಿಯಲ್ ಮಾಡಿ ಟಿವಿಯ ಎಮ್ಮಿ ಪ್ರಶಸ್ತಿ ಗೆದ್ದ. 10 ಜನಕ್ಕೆ ಕಳಿಸಿ.

ದೊಡ್ಡಮಾವ: ಎಲ್ಲರೂ ಓದಿ. ಕೆಲಸ ಕೆಡಿಸಿದರೆ ಅಲ್ಲಿ ಹೀಗೆ. ನಮ್ಮಲ್ಲಿ ಬಡ್ತಿ.

ವಿನು: ಎಲ್ಲಿಂದ ಬಂತು ಮಾವ ಇದು? ಮೂರು ಸಾಲಲ್ಲಿ ನಾಲ್ಕು ತಪ್ಪು.

ದೊಡ್ಡಮಾವ: ವಾಕಿಂಗ್ ಗುಂಪಲ್ಲಿ ರಿಟೈರ್ಡ್ ಎಂಜಿನಿಯರ್ ಕಳಿಸಿದ್ದು. ಸುಳ್ಳಿರಲ್ಲ.

ವಿನು: ಎಂಜಿನಿಯರ್ ಕಳಿಸಿದರೂ ಕಾದಂಬರಿ ಕಾದಂಬರಿನೇ. ಇದು ಹೆರನ್ನನ ‘ಸ್ಲೋ ಹಾರ್ಸಸ್’ ಸರಣಿಯ ಕಥೆ. ಅದರಲ್ಲಿನ ಆ ಕಚೇರಿಯ ಹೆಸರು ‘ಸ್ಲೌ ಹೌಸ್’, ಆದ್ರೆ ಅದು ಸ್ಲೌನಲ್ಲಿಲ್ಲ. ಕಥೇಲಿ ಅದು ಲಂಡನ್ನಿನ ಆಲ್ಡರ್ಸ್‌ಗೇಟ್ ಸ್ಟ್ರೀಟಲ್ಲಿ, ಬಾರ್ಬಿಕನ್ ಸ್ಟೇಷನ್ ಹತ್ರ. ಮುಂಬಾಗಿಲು ತೆಗೆಯೋದೇ ಇಲ್ಲ, ಹಿಂದಿನ ಓಣಿ ಬಾಗಿಲು ಸದಾ ಕಚ್ಚಿಕೊಳ್ಳುತ್ತೆ. ಹೆಡ್ಡಾಫೀಸಿಗೆ ಇದು ಎಷ್ಟು ಬೇಡವಾದ ಜಾಗ ಅಂದ್ರೆ ಸ್ಲೌನಲ್ಲೇ ಇದ್ದ ಹಾಗೆ ಅನ್ನೋ ಕುಹಕ. ಅದನ್ನೇ ತಿರುಚಿ ಅಲ್ಲಿರೋರಿಗೆ ‘ಸ್ಲೋ ಹಾರ್ಸಸ್’. ಹೆಡ್ಡಾಫೀಸೂ ಕಥೇಲಿ ರೀಜೆಂಟ್ಸ್ ಪಾರ್ಕು. ನಿಜವಾದ ಎಂಐ5 ನದಿ ದಂಡೆಯ ಥೇಮ್ಸ್ ಹೌಸಲ್ಲಿದೆ.

ಪುಟ್ಟಿ: ವಿಲ್ ಸ್ಮಿತ್ತೂ ಬೇರೆಯವನು. 2024ರಲ್ಲಿ ಎಮ್ಮಿ ತಗೊಂಡಿದ್ದು ಅದೇ ಹೆಸರಿನ ಬ್ರಿಟಿಷ್ ಬರಹಗಾರ. ವೇದಿಕೆ ಮೇಲೆ ಅವನೇ ಹೆಸರಿನ ಬಗ್ಗೆ ತಮಾಷೆ ಮಾಡಿದ.

ಗುಂಡಣ್ಣ: ಗೂಢಚಾರ ಅಂದ್ರೆ ರಾಜ್‌ಕುಮಾರ್ ಕಣ್ರೋ. 1968, ಜೇಡರ ಬಲೆ, ಸಿಐಡಿ 999! ಆ ಸೂಟು, ಆ ನಡಿಗೆ...

ಪುಟ್ಟಿ: ಸ್ಲೌ ಹೌಸಿನ ಬಾಸ್ ಜಾಕ್ಸನ್ ಲ್ಯಾಂಬ್ ಅದರ ಉಲ್ಟಾ ಗುಂಡಣ್ಣ. ಕೊಳಕು ಕೋಟು, ತೂತು ಸಾಕ್ಸು. ಸೀರಿಯಲ್ಲಲ್ಲಿ ಗ್ಯಾರಿ ಓಲ್ಡ್‌ಮನ್ ಮಾಡಿದಾನೆ.

ಸರೋಜತ್ತೆ: ಅವನು ಮಾತಿಗೊಂದು ಹೂಸು ಬಿಡ್ತಾನೆ. ಊಟ ಮಾಡ್ತಾ ನೋಡಕ್ಕಾಗಲ್ಲ.

ದೊಡ್ಡಮಾವ: ಭಾಷೆ ಸರೋಜಾ, ಭಾಷೆ. ಗುಂಪಲ್ಲಿ ಮಕ್ಕಳಿದ್ದಾರೆ. ವಿನು, ಹೆರನ್ ಗೂಢಚಾರ ಅಲ್ಲದಿದ್ರೆ ಅವನಿಗೆ ಒಳಗಿನದ್ದು ಹೇಗೆ ಗೊತ್ತಾಯ್ತು?

ವಿನು: ಅವನಿಗೆ ಗೊತ್ತಿದ್ದದ್ದು ಆಫೀಸು. 1963ರಲ್ಲಿ ನ್ಯೂಕಾಸಲ್‌ನಲ್ಲಿ ಹುಟ್ಟಿ, ಆಕ್ಸ್‌ಫರ್ಡಲ್ಲಿ ಇಂಗ್ಲಿಷ್ ಓದಿ, ಲಂಡನ್ನಲ್ಲಿ ಉದ್ಯೋಗ ಕಾನೂನಿನ ಪತ್ರಿಕೆಗೆ ಸಬ್-ಎಡಿಟರ್ ಆಗಿದ್ದವನು. ಆಕ್ಸ್‌ಫರ್ಡಿಂದ ರೈಲಲ್ಲಿ ಹೋಗಿ ಬಂದು, ರಾತ್ರಿಗೆ ಸುಮಾರು 350 ಪದದಂತೆ ಬರೆದ. ಸರಣಿಯ ಕೀಲೂ ಅಲ್ಲೇ ಇದೆ: ತಪ್ಪು ಮಾಡಿದ ಗೂಢಚಾರನನ್ನ ವಜಾ ಮಾಡಿದ್ರೆ ರಗಳೆ, ಕೇಸು. ಅದರ ಬದಲು ಸ್ಲೌ ಹೌಸಿಗೆ ಹಾಕಿ, ಪತ್ರಕರ್ತನೊಬ್ಬನ ಮನೆ ಕಸ ತಂದು ನೆಲಕ್ಕೆ ಸುರಿದು ‘ಹುಡುಕು’ ಅಂದ್ರೆ, ಬೇಸತ್ತು ತಾನೇ ರಾಜೀನಾಮೆ ಬರೀತಾನೆ.

ದೊಡ್ಡಮಾವ: ಇದನ್ನೇ ಎತ್ತಂಗಡಿ ಅನ್ನೋದು.

ಗುಂಡಣ್ಣ: ನಿಮ್ಮ ಎತ್ತಂಗಡಿ ಕಥೆ ಮತ್ತೆ ಬೇಡ ಮಾವ.

ದೊಡ್ಡಮಾವ: ಗೃಹಪ್ರವೇಶಕ್ಕೆ ಕರೆಯದವರು ನನಗೆ ಹೇಳೋದು ಬೇಡ.

ಗುಂಡಣ್ಣ: ಕಾರ್ಡು ಇದೇ ಗುಂಪಲ್ಲಿ ಹಾಕಿದ್ದೆ. ನಿಮ್ಮ ಫಾರ್ವರ್ಡುಗಳ ಅಡಿಗೆ ಹೋಯ್ತು.

ಸರೋಜತ್ತೆ: ಸಾಕು ಬಿಡ್ರೋ. ಪುಟ್ಟಿ, ಪುಸ್ತಕ ಯಾವುದರಿಂದ ಹಿಡೀಲಿ?

ಪುಟ್ಟಿ: 2010ರ ‘ಸ್ಲೋ ಹಾರ್ಸಸ್’ನಿಂದಲೇ ಅತ್ತೆ. ನಡುವಿಂದ ಬೇಡ. ಹೆರನ್ ಬೇಕಾದವರನ್ನೂ ಮುಲಾಜಿಲ್ಲದೆ ಸಾಯಿಸ್ತಾನೆ, ಮೊದಲೇ ಗೊತ್ತಾದ್ರೆ ರುಚಿ ಕೆಡುತ್ತೆ. ಎರಡನೇದು ‘ಡೆಡ್ ಲಯನ್ಸ್’, ಮಧ್ಯೆ ತೆಳ್ಳನೆ ‘ದ ಲಿಸ್ಟ್’, ಆಮೇಲೆ ‘ರಿಯಲ್ ಟೈಗರ್ಸ್’. 2025ರ ‘ಕ್ಲೌನ್ ಟೌನ್’ ಒಂಬತ್ತನೇದು. ಟಿವಿ ಸೀಸನ್ನು ಐದರವರೆಗೆ ಪುಸ್ತಕದ ನಂಬರೇ, ಸೀಸನ್ನಿಗೆ ಆರು ಕಂತು.

ವಿನು: ಆ ಎರಡನೇದಕ್ಕೆ ಬ್ರಿಟನ್ನಲ್ಲಿ ಪ್ರಕಾಶಕರೇ ಸಿಗಲಿಲ್ಲ. ಅಮೆರಿಕದಲ್ಲಿ ಅಚ್ಚಾಗಿ ಅಪರಾಧ ಕಾದಂಬರಿಗೆ ಕೊಡೋ 2013ರ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಗೆದ್ದಿತು. 2015ರಲ್ಲಿ ಬ್ರಿಟನ್ನಿನ ಜಾನ್ ಮರ್ರಿ ಪ್ರಕಾಶನದವರು ಮತ್ತೆ ತಂದ ಮೇಲೇ ಕುದುರೆ ಓಡಿದ್ದು.

ದೊಡ್ಡಮಾವ: ಅಂದ್ರೆ ಫಾರ್ವರ್ಡು ಪೂರಾ ಸುಳ್ಳಾ?

ವಿನು: ಎಡವಟ್ಟುಗಳು ಮಾತ್ರ ನಿಜಕ್ಕೆ ಹತ್ತಿರ. ಕಥೇಲಿ ಮಿನ್ ಹಾರ್ಪರ್ ಅನ್ನೋ ಗೂಢಚಾರ ರಹಸ್ಯ ಡಿಸ್ಕನ್ನ ರೈಲಲ್ಲಿ ಮರೀತಾನೆ. 2008ರಲ್ಲಿ ಬ್ರಿಟನ್ನಿನ ಸರ್ಕಾರಿ ಅಧಿಕಾರಿಯೊಬ್ಬ ನಿಜವಾಗ್ಲೂ ರಹಸ್ಯ ಕಡತ ರೈಲಲ್ಲಿ ಬಿಟ್ಟು ಇಳಿದ, 2,500 ಪೌಂಡ್ ದಂಡ ಬಿತ್ತು.

ದೊಡ್ಡಮಾವ: ನೋಡಿದ್ಯಾ! ನಿಜ ಅಂತ ನೀನೇ ಒಪ್ಪಿಕೊಂಡೆ.

ಪುಟ್ಟಿ: ಪೂರ್ತಿ ಓದಿ ಮಾವ. ಕಥೇಲಿ ರಿವರ್ ಕಾರ್ಟ್‌ರೈಟ್ ಅನ್ನೋ ಗೂಢಚಾರ ಸ್ಲೌ ಹೌಸಿಗೆ ಬಿದ್ದದ್ದೇ ಹೀಗೆ, ಹಿಡಿಯಬೇಕಾದವನ ಗುರುತು ತಪ್ಪಿ. ನೀಲಿ ಅಂಗಿ-ಬಿಳಿ ಟೀ ಶರ್ಟೋ, ಬಿಳಿ ಅಂಗಿ-ನೀಲಿ ಟೀ ಶರ್ಟೋ, ಅಷ್ಟೇ ಅದಲುಬದಲು. ಕಿಂಗ್ಸ್ ಕ್ರಾಸ್ ಸ್ಟೇಷನ್ ಅಲ್ಲೋಲಕಲ್ಲೋಲ.

ದೊಡ್ಡಮಾವ: ‘ಲಂಡನ್ ವಿಷಯ ಬಲ್ಲ ನಮ್ಮ ವಿನು ಖಚಿತಪಡಿಸಿದ್ದಾನೆ’ ಅಂತ ಸೇರಿಸಿ ವಾಕಿಂಗ್ ಗುಂಪಿಗೂ ಹಾಕಿದೆ.

ವಿನು: ಅಯ್ಯೋ ಮಾವ! ಈಗ್ಲೇ ಡಿಲೀಟ್ ಮಾಡಿ.

ದೊಡ್ಡಮಾವ: ‘ಡಿಲೀಟ್ ಫಾರ್ ಮಿ’ ಒತ್ತಿದೆ. ಈಗ ನನಗೆ ಕಾಣ್ತಿಲ್ಲ.